ತತ್ವ ಆಮೇಲೆ, ಮೊದಲು ಕಲಂ ಹುಡುಕಿ: ಲಿಬರ್ಟೇರಿಯನ್ ನೀತಿ ಬರಹ ಮತ್ತು ಚರ್ಚಾ ಸ್ಪರ್ಧೆಗೆ ಹೊರಟವರಿಗೆ

ನಾನು ಸಾಗರದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮೊದಲು ನೀತಿ ಬರಹ, ಅದರಲ್ಲಿ ಆಯ್ಕೆಯಾದವರಿಗೆ ಚರ್ಚೆ, ಹೀಗೆ ಎರಡು ಸುತ್ತು ಇರುವ ಸ್ಪರ್ಧೆಗಳಿಗೆ ಹುಡುಗರನ್ನು ತಯಾರು ಮಾಡುವ ಕೆಲಸ ನಮ್ಮ ವಿಭಾಗದಲ್ಲಿ ನನ್ನ ತಲೆಗೇ ಬಿದ್ದಿದೆ. ವಿಷಯ ಲಿಬರ್ಟೇರಿಯನ್ ಚಿಂತನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಒಂದೇ ಥರ ಶುರು ಮಾಡುತ್ತಾರೆ. "ಸ್ವಾತಂತ್ರ್ಯವು ಮಾನವನ ಜನ್ಮಸಿದ್ಧ ಹಕ್ಕಾಗಿದೆ." ತೀರ್ಪುಗಾರರು ಮೊದಲ ಪುಟ ಮಗುಚಿ ಹಾಕುವುದು ಇಲ್ಲೇ. ಅವರ ಮೇಜಿನ ಮೇಲೆ ಇಂಥದ್ದೇ ರಾಶಿ ಬಿದ್ದಿರುತ್ತದೆ.

ಚಿಂತನೆಯ ಹುರುಳು ಎರಡು ಮಾತಿನದು. ಒಬ್ಬರ ದೇಹ, ದುಡಿಮೆ, ಆ ದುಡಿಮೆಯಿಂದ ಬಂದ ಆಸ್ತಿ ಅವರದೇ. ಇನ್ನೊಬ್ಬರಿಗೆ ಬಲವಂತ, ಮೋಸ ಮಾಡದ ತನಕ ಅವರನ್ನು ತಡೆಯಬಾರದು. ತಡೆಯುತ್ತೇನೆ ಅನ್ನುವ ಸರ್ಕಾರವೇ ಕಾರಣ ಕೊಡಬೇಕು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ರಾಜಕೀಯ ಮಾಡಿದ್ದು ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷ. ಪ್ರತಿಯೊಂದು ವ್ಯವಹಾರಕ್ಕೂ ಸರ್ಕಾರದ ಅನುಮತಿ ಬೇಕಿದ್ದ ವ್ಯವಸ್ಥೆಗೆ 'ಪರ್ಮಿಟ್ ಲೈಸೆನ್ಸ್ ರಾಜ್' ಅನ್ನುವ ಬೈಗುಳ ಬಳಕೆಗೆ ಬಂದದ್ದೂ ಅವರಿಂದಲೇ. ಅದಕ್ಕೂ ಮೊದಲು, 1955ರಲ್ಲಿ, ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದಿದ್ದರು. ಹೆಸರುಗಳು ಇಷ್ಟು ಸಾಕು. ಹೆಸರು ಜಾಸ್ತಿ ಆದಷ್ಟೂ ಬರಹ ತೆಳ್ಳಗಾಗುತ್ತದೆ.

ಇನ್ನೊಂದು ಮಾತು. ಸ್ಪರ್ಧೆಗೆ ಹೋಗಲು ನೀವು ಇದನ್ನೆಲ್ಲ ನಂಬಲೇಬೇಕು ಅಂತೇನಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ. ಶಕ್ತಿ ಯೋಜನೆಯ ಬಸ್ಸಲ್ಲೇ ಕಾಲೇಜಿಗೆ ಬರುತ್ತೇನೆ, ಟಿಕೆಟ್ ಯಾರ ದುಡ್ಡಿನದು ಅಂತ ಕ್ಲಾಸಿನಲ್ಲಿ ಕೇಳುತ್ತೇನೆ. ಎರಡೂ ನಡೆಯುತ್ತದೆ.

ವಿಷಯ ಸಣ್ಣದಿರಲಿ

"ತೆರಿಗೆ ಬೇಡ", "ಎಲ್ಲವನ್ನೂ ಖಾಸಗಿಗೆ ಕೊಡಿ" ಅಂತ ಹೊರಟರೆ ಸಾವಿರದೈನೂರು ಪದಗಳಲ್ಲಿ ಎಲ್ಲೂ ಮುಟ್ಟುವುದಿಲ್ಲ. ಒಂದು ಕಾಯ್ದೆ, ಅದರಲ್ಲಿ ಒಂದು ಕಲಂ, ಆ ಕಲಮಿನಿಂದ ಕೈ ಕಟ್ಟಿಹಾಕಿಸಿಕೊಂಡ ಒಬ್ಬ ಮನುಷ್ಯ. ಈ ಮೂರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಮಲೆನಾಡಿನಲ್ಲಿ ಇಂಥದ್ದಕ್ಕೆ ಬರ ಇಲ್ಲ. ಸ್ವಂತ ಜಮೀನಿನ ಮರ ಕಡಿಯಲು ಅನುಮತಿ ಕೇಳಿಸುವ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿದ 2020ರ ಭೂ ಸುಧಾರಣಾ ತಿದ್ದುಪಡಿ ಇದೆ. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಗೋಳಂತೂ ಲಿಂಗನಮಕ್ಕಿ ಅಣೆಕಟ್ಟಿನಷ್ಟೇ ಹಳೆಯದು.

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಶ್ರೀಗಂಧ. ಮೈಸೂರು ಅರಸರ ಕಾಲದಿಂದ ಬಂದ ಪದ್ಧತಿಯಂತೆ ಗಂಧದ ಮರ ಯಾರ ಹಿತ್ತಲಲ್ಲಿ ಬೆಳೆದರೂ ಸರ್ಕಾರದ್ದಾಗಿತ್ತು. ಕರ್ನಾಟಕ ಅರಣ್ಯ ಕಾಯ್ದೆಯ 108ನೇ ಕಲಮಿಗೆ 2001ರಲ್ಲಿ ತಿದ್ದುಪಡಿ ಬಂದ ಮೇಲೆ ಜಮೀನಿನವರೇ ಮರದ ಒಡೆಯರಾದರು. ಕಡಿಯಲು ಅನುಮತಿ ಮಾತ್ರ ಬೇಕೇ ಬೇಕು. ಸೊರಬದ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನೇ ತೆಗೆದುಕೊಂಡಳು. ಮೊದಲ ಕರಡು ಪೂರ್ತಿ "ಆಸ್ತಿ ಹಕ್ಕಿನ ಮಹತ್ವ". ಮನೆಗೆ ಹೋಗಿ ನಿಮ್ಮ ಅಜ್ಜನನ್ನು ಕೇಳಿಕೊಂಡು ಬಾ ಅಂದೆ. ಅಜ್ಜ ಹೇಳಿದ್ದನ್ನು ಅವಳು ಹಾಗೆಯೇ ಬರೆದು ತಂದಳು: "ಬೇಲಿ ಸಾಲಲ್ಲಿ ಗಂಧದ ಸಸಿ ಕಂಡ್ರೆ ಕಿತ್ತು ಬಿಸಾಕ್ತಿದ್ವಿ ಮಾರಾಯ್ತಿ. ಬೆಳೆದ್ರೆ ಸರ್ಕಾರದ್ದು, ಕಳುವಾದ್ರೆ ನಮ್ ತಲೆಗೆ."

ಬರಹದ ಮೊದಲ ಸಾಲು ಅದೇ ಆಯಿತು. ಕಾಪಾಡಲೆಂದು ಮಾಡಿದ ಕಾನೂನು ಸಸಿಯನ್ನೇ ಕೀಳಿಸಿತು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಸಿದ್ಧಾಂತ ಹೇಳುತ್ತದೆ? ಆದರೆ ಅಲ್ಲಿಗೆ ನಿಲ್ಲಿಸಬೇಡಿ. ತೀರ್ಪುಗಾರರು ಕೇಳುವ ಮುಂದಿನ ಪ್ರಶ್ನೆ ಹೀಗಿರುತ್ತದೆ: ಒಡೆತನ ಕೊಟ್ಟ ಮೇಲೂ ಜನ ಗಂಧ ಬೆಳೆಯಲು ಯಾಕೆ ಹೆದರುತ್ತಾರೆ? ಕಳ್ಳರ ಕಾಟ. ಕಡಿಯುವ ಅನುಮತಿಗೆ ಓಡಾಟ. ಹಾಗಾದರೆ ಕಾಗದದ ಮೇಲಿನ ಹಕ್ಕನ್ನು ಕಾಯುವವರು ಯಾರು? ಲಿಬರ್ಟೇರಿಯನ್ನರಲ್ಲಿ ಬಹಳ ಮಂದಿ ಪೊಲೀಸು, ನ್ಯಾಯಾಲಯ ಬೇಕು ಅನ್ನುವವರೇ. ಸರ್ಕಾರ ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅಂತ ಎರಡನ್ನೂ ಹೇಳಿದ ಬರಹಕ್ಕೆ ಅಂಕ ಬೀಳುತ್ತದೆ.

ಮಾಹಿತಿ ಕೂಡಿಸುವುದು

ಕಾಯ್ದೆಯ ಮೂಲ ಪಠ್ಯವನ್ನೇ ಓದಿ. ಪತ್ರಿಕೆಯ ವರದಿ ಸಾಲದು. ಚಾಟ್‌ಜಿಪಿಟಿ ಕೊಟ್ಟ ಕಲಂ ಸಂಖ್ಯೆಯನ್ನು ಮೂಲದಲ್ಲಿ ನೋಡದೆ ಬರೆದರಂತೂ ಚರ್ಚೆಯ ಸುತ್ತಿನಲ್ಲಿ ಮಾನ ಹೋಗುತ್ತದೆ. ಕಚೇರಿಯಿಂದ ಅಂಕಿ ಅಂಶ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಇದು ಗೊತ್ತಿಲ್ಲದೆ ಎರಡು ಪುಟ ಬರೆಯುವವರೇ ಜಾಸ್ತಿ. ಸ್ಪರ್ಧೆಯ ಕೊನೆ ದಿನಾಂಕದಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ. ಕಚೇರಿಯವರು 30ನೇ ದಿನದ ತನಕ ಕಾಯುವುದು ಮಾಮೂಲು.

ಆಮೇಲೆ ಜನರ ಹತ್ತಿರ ಹೋಗಿ. ಬೀದಿ ಬದಿ ವ್ಯಾಪಾರಿಗಳ 2014ರ ಕಾಯ್ದೆಯ ಮೇಲೆ ಬರೆಯುತ್ತಿದ್ದ ಇಬ್ಬರು ಹುಡುಗರನ್ನು ಸಂತೆಗೆ ಕಳಿಸಿದ್ದೆ. ಕಾಯ್ದೆ ಅವರಿಗೆ ಬಾಯಿಪಾಠ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು, ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು, ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು, ಎಲ್ಲ ಹೇಳುತ್ತಿದ್ದರು. ಸಂತೆಯಲ್ಲಿ ಸೊಪ್ಪು ಮಾರುವ ಅಮ್ಮನೊಬ್ಬರು ಸೆರಗಿನ ಗಂಟು ಬಿಚ್ಚಿ ಸುಂಕದ ಚೀಟಿಗಳ ಕಟ್ಟು ತೋರಿಸಿದರಂತೆ. ಕೈಬೆವರಿಗೆ ಮೆತ್ತಗಾದ ಗುಲಾಬಿ ಕಾಗದ. ಅದರಲ್ಲಿ ತಾರೀಖು ಇದೆ, ಮೊತ್ತ ಇದೆ. "ದುಡ್ಡು ತಪ್ಪದೆ ಕೊಡ್ತೀನಿ ಕಣಪ್ಪ. ನನ್ ಹೆಸ್ರು ಎಲ್ಲೈತೆ ಇದ್ರಲ್ಲಿ, ನೋಡಿ ಹೇಳು."

ಹೆಸರು ಇರಲಿಲ್ಲ. ಕೂರುವ ಜಾಗವೂ ಇರಲಿಲ್ಲ. ವರ್ಷಗಟ್ಟಲೆ ಸುಂಕ ಕಟ್ಟಿದರೂ ಅವರು ಅಲ್ಲಿ ವ್ಯಾಪಾರ ಮಾಡುತ್ತಿದ್ದರು ಅನ್ನುವುದಕ್ಕೆ ಆ ಕಟ್ಟು ಸಾಕ್ಷಿ ಆಗುವುದಿಲ್ಲ. ಹುಡುಗರ ಶಿಫಾರಸು ಒಂದೇ ವಾಕ್ಯಕ್ಕೆ ಇಳಿಯಿತು: ಸುಂಕದ ಚೀಟಿಯಲ್ಲಿ ವ್ಯಾಪಾರಿಯ ಹೆಸರು ಮತ್ತು ಜಾಗ ಬರೆಯಬೇಕು, ಸಮೀಕ್ಷೆಯಲ್ಲಿ ಅದನ್ನು ದಾಖಲೆ ಅಂತ ಒಪ್ಪಬೇಕು. ಖರ್ಚು ಅಂದರೆ ಚೀಟಿ ಪುಸ್ತಕದ ಹೊಸ ಅಚ್ಚು. ಸಂವಿಧಾನದ 19(1)(ಜಿ) ವಿಧಿ ಕೊಡುವ ಉದ್ಯೋಗ ಸ್ವಾತಂತ್ರ್ಯ ಇಂಥ ಚೀಟಿಯೊಳಗೆ ಸಿಕ್ಕಿಕೊಂಡಿರುತ್ತದೆ. ಅದೇ ಕಲಮಿನ ಜೊತೆಗೆ 19(6) ಇರುವುದನ್ನೂ ಬರೆಯಿರಿ. ಸಾರ್ವಜನಿಕ ಹಿತಕ್ಕಾಗಿ ನ್ಯಾಯವಾದ ನಿರ್ಬಂಧ ಹಾಕಬಹುದು ಅನ್ನುವುದು ಅಲ್ಲಿದೆ. ಎದುರು ತಂಡ ಅದನ್ನು ಎತ್ತುವ ಮೊದಲು ನೀವೇ ಎತ್ತಿ.

ಬರೆಯುವಾಗ

ಮೊದಲ ಅರ್ಧ ಪುಟದಲ್ಲಿ ಸಮಸ್ಯೆ, ಕಲಂ, ಶಿಫಾರಸು ಮೂರೂ ಬಂದಿರಲಿ. ಕೊನೆಗೆ ಗುಟ್ಟು ಬಿಚ್ಚಲು ಇದು ಪತ್ತೇದಾರಿ ಕಥೆ ಅಲ್ಲ. ಆಮೇಲೆ ನಿಮ್ಮ ಸಲಹೆಯ ಜೊತೆಗೆ ಇನ್ನೆರಡು ದಾರಿ ಇಟ್ಟು ಅವು ಯಾಕೆ ಸಾಲವು ಅಂತ ಹೇಳಿ. ಅದರಲ್ಲಿ ಒಂದು 'ಈಗಿರುವ ಹಾಗೇ ಬಿಡುವುದು' ಆಗಿರಲಿ. ನಿಮ್ಮ ಸಲಹೆ ಜಾರಿಯಾದರೆ ಯಾರಿಗೆ ನಷ್ಟ ಅನ್ನುವುದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ನಾನು ತಿದ್ದುವಾಗ ಮೊದಲು ಹುಡುಕುವುದು ಅದನ್ನೇ. ಯಾರಿಗೂ ನಷ್ಟವಿಲ್ಲದ ನೀತಿ ಅಂತ ಬರೆದವರು ಇನ್ನೂ ಯೋಚನೆ ಮಾಡಿಲ್ಲ ಅಂತ ಅರ್ಥ.

ಸುಮ್ನೆ ಒಂದು ಕಿವಿಮಾತು. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಕಡತವನ್ನೇ ಕಳಿಸಬೇಡಿ. ಆ ಕಡೆ ತೆರೆದಾಗ ಬರೀ ಚಿತ್ರಲಿಪಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿ, ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ, ಆಮೇಲೆ ಕಳಿಸಿ.

ಚರ್ಚೆಯ ಸುತ್ತು

ಪದ್ಧತಿ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಏಷ್ಯನ್ ಪಾರ್ಲಿಮೆಂಟರಿ ಆದರೆ ಮೂವರ ಎರಡು ತಂಡ. ಬ್ರಿಟಿಷ್ ಪಾರ್ಲಿಮೆಂಟರಿ ಆದರೆ ಇಬ್ಬರ ನಾಲ್ಕು ತಂಡ, ವಿಷಯ ಕೊಟ್ಟ ಮೇಲೆ ಬರೀ 15 ನಿಮಿಷ. ಎರಡರಲ್ಲೂ ಸಾಮಾನ್ಯವಾಗಿ ಒಬ್ಬರಿಗೆ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷದಲ್ಲಿ ಯಾರೂ ಅಡ್ಡ ಪ್ರಶ್ನೆ ಹಾಕುವಂತಿಲ್ಲ. ನಡುವೆ ಎದ್ದು ನಿಂತವರಿಗೆಲ್ಲ ಅವಕಾಶ ಕೊಡಬೇಡಿ, ಒಂದೋ ಎರಡೋ ತೆಗೆದುಕೊಂಡರೆ ಸಾಕು. ಒಂದನ್ನೂ ತೆಗೆದುಕೊಳ್ಳದಿದ್ದರೆ ಹೆದರಿದ್ದೀರಿ ಅಂತ ಲೆಕ್ಕ.

ಪರವೋ ವಿರೋಧವೋ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಅಭ್ಯಾಸಕ್ಕೆ ನಾನು ಅಡಿಕೆಯನ್ನೇ ಕೊಡುತ್ತೇನೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಅಗ್ಗದ ಅಡಿಕೆ ಒಳಗೆ ಬರುವಂತಿಲ್ಲ. 'ಈ ಮಿತಿ ತೆಗೆದುಹಾಕಬೇಕು' ಅನ್ನುವ ವಿಷಯ ಕೊಟ್ಟರೆ ಇಡೀ ಕೋಣೆ ಗೊಂದಲಕ್ಕೆ ಬೀಳುತ್ತದೆ. ಯಾಕೆಂದರೆ ಅರ್ಧ ಹುಡುಗರ ಫೀಸು ಬರುವುದೇ ರಾಶಿ ಅಡಿಕೆಯ ದರದಿಂದ. ಪರ ಮಾತಾಡುವವರಿಗೆ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಬಾಸ್ಟಿಯಾ 1850ರಲ್ಲಿ ಹೇಳಿದ ಮಾತು ನೆನಪಿಸುತ್ತೇನೆ: ಕಾಣುವ ಲಾಭದ ಜೊತೆ ಕಾಣದ ನಷ್ಟವನ್ನೂ ಎಣಿಸಿ. ಬೆಳೆಗಾರನ ಲಾಭ ಕಾಣುತ್ತದೆ. ಕೊಳ್ಳುವವನು ಕೊಡುವ ಹೆಚ್ಚಿನ ದುಡ್ಡು, ಬೆಲೆಯ ಅಂತರ ನೋಡಿ ಗಡಿ ದಾಟಿಸುವ ಕಳ್ಳಸಾಗಣೆ ಕಾಣುವುದಿಲ್ಲ. ತೀರ್ಥಹಳ್ಳಿಯ ಒಬ್ಬ ಹುಡುಗ, ತೋಟದ ಮನೆಯವನೇ, ಹೀಗೆ ಶುರು ಮಾಡಿದ: "ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಬೆಲೆಗೆ ಬೇಲಿ ಹಾಕಿದ ಸರ್ಕಾರ ಎಲೆಚುಕ್ಕಿಗೆ ಬೇಲಿ ಹಾಕಿತಾ?" ಕೋಣೆ ಗಪ್‌ಚುಪ್. ವಿರೋಧದವರಿಗೂ ಒಳ್ಳೆಯ ದಾರಿ ಇದೆ. ಅಡಿಕೆ ಮರ ಫಲಕ್ಕೆ ಬರಲು ವರ್ಷಗಳು ಬೇಕು. ಸರ್ಕಾರದ ಮಾತು ನಂಬಿ ಸಸಿ ನೆಟ್ಟವನಿಗೆ ನಿಯಮವನ್ನು ರಾತ್ರೋರಾತ್ರಿ ಬದಲಿಸಿದರೆ ಅದೂ ಅನ್ಯಾಯ ಅಂತ ವಾದಿಸಬಹುದು.

ಭಾಷೆಯ ಬಗ್ಗೆ ಹೆದರಬೇಡಿ. ಕನ್ನಡದಲ್ಲಿ ಮಾತಾಡಲು ಅವಕಾಶ ಇದ್ದರೆ ಕನ್ನಡದಲ್ಲೇ ಮಾತಾಡಿ. ಇಂಗ್ಲಿಷ್ ಸ್ಪರ್ಧೆಯಾದರೆ ಸಣ್ಣ ವಾಕ್ಯ, ನಿಧಾನ. ಹಾಸ್ಟೆಲಿನಲ್ಲಿ ಮೊಬೈಲ್ ಟೈಮರ್ ಇಟ್ಟು ಅಭ್ಯಾಸ ಮಾಡಿ, ಗೆಳೆಯರಿಗೆ ಅಡ್ಡ ಪ್ರಶ್ನೆ ಹಾಕಲು ಹೇಳಿ. ಕನ್ನಡಿ ಮುಂದೆ ನಿಂತು ಮಾಡುವ ಅಭ್ಯಾಸದಿಂದ ಏನೂ ಬರುವುದಿಲ್ಲ. ಕನ್ನಡಿ ತಿರುಗಿ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ನಮ್ಮ ಕಡೆಯವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಸಾಗರ ಅಂದ ಕೂಡಲೇ ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: "ಆಸ್ತಿ ಹಕ್ಕು ಪವಿತ್ರ ಅಂತೀರಿ. ಕಾಗೋಡು ಸತ್ಯಾಗ್ರಹಕ್ಕೆ ಏನಂತೀರಿ?" ಒಡೆಯರ ವಿರುದ್ಧ ಗೇಣಿ ರೈತರು ನಡೆಸಿದ 1951ರ ಹೋರಾಟ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಆಮೇಲೆ ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿದಾರನಿಗೇ ಜಮೀನು ಸಿಕ್ಕಿದ್ದು. ಇದು ಗೊತ್ತಿಲ್ಲದೆ ಸಾಗರದಿಂದ ಹೋಗುವುದು ಮರ್ಯಾದೆ ಅಲ್ಲ. "ಅದು ಸಮಾಜವಾದಿಗಳ ವಿಷಯ" ಅಂತ ಜಾರಿಕೊಂಡರೆ ಸೋತಿರಿ.

ಉತ್ತರ ಆ ಹೋರಾಟದ ಒಳಗೇ ಇದೆ. ಜಗಳದ ಮೂಲದಲ್ಲಿ ಇದ್ದದ್ದು ಗೇಣಿ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು ಅನ್ನುವುದು ರೈತರ ದೂರು. ಅಳತೆಯಲ್ಲೇ ಮೋಸ ಇದ್ದರೆ ಅದು ಇಬ್ಬರೂ ಒಪ್ಪಿ ಮಾಡಿಕೊಂಡ ಒಪ್ಪಂದ ಹೇಗಾಗುತ್ತದೆ? ಲಿಬರ್ಟೇರಿಯನ್ ಚಿಂತನೆ ಮೋಸವನ್ನು ಬಲವಂತದ ಸಾಲಿನಲ್ಲೇ ಇಡುತ್ತದೆ. ದುಡಿಮೆ ಬೆರೆಸಿದವನಿಗೆ ನೆಲ ಸೇರಬೇಕು ಅನ್ನುವ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ವಾದವನ್ನೂ ಗೇಣಿದಾರನ ಪರ ತಿರುಗಿಸಬಹುದು. ಆಗ ಮರುಪ್ರಶ್ನೆ ಬರುತ್ತದೆ: ಕೊಳಗ ಸರಿಯಾಗಿದ್ದ ಒಡೆಯನ ಜಮೀನನ್ನೂ 1974ರಲ್ಲಿ ತೆಗೆದುಕೊಂಡರಲ್ಲ, ಅದು ಸರಿಯಾ? ಇಲ್ಲಿ ನನ್ನ ವಿದ್ಯಾರ್ಥಿಗಳೇ ಎರಡು ಪಂಗಡ. ಪರಿಹಾರದ ಮೊತ್ತ ನ್ಯಾಯವಾಗಿತ್ತಾ ಅನ್ನುವ ಕಡೆಗೆ ಕೆಲವರು ವಾದ ಒಯ್ಯುತ್ತಾರೆ, ಆ ಒಡೆಯನಿಗೆ ಜಮೀನು ಮೊದಲು ಬಂದದ್ದು ಹೇಗೆ ಅನ್ನುವ ಕಡೆಗೆ ಇನ್ನು ಕೆಲವರು. ನೀವು ಯಾವ ಕಡೆ ಅಂತ ಬಸ್ಸು ಹತ್ತುವ ಮೊದಲೇ ನಿಮ್ಮ ತಂಡದವರ ಜೊತೆ ಜಗಳ ಆಡಿ ಮುಗಿಸಿಕೊಳ್ಳಿ. ವೇದಿಕೆಯ ಮೇಲೆ ಮೂವರಿಂದ ಮೂರು ಉತ್ತರ ಬರಬಾರದು.