ಮಳೆಗಾಲಕ್ಕೆ ಮೊದಲು ಊರಿನ ಚರ್ಚುಗಳು ಒಟ್ಟಾಗಿ ಬಡ ಮನೆಗಳಿಗೆ ನೆರವಾಗುವುದು ಹೇಗೆ?

ಒಂದು ಕ್ರಿಸ್ಮಸ್‌ಗೆ ನಮ್ಮ ಬೀದಿಯ ಒಂದೇ ಮನೆಗೆ ಮೂರು ಚೀಲ ಅಕ್ಕಿ ಬಂತು. ಒಂದು ನಮ್ಮ ಕಥೋಲಿಕ ಇಗರ್ಜಿಯಿಂದ, ಒಂದು ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಿಂದ, ಮತ್ತೊಂದು ಗುಡ್ಡೆಯ ಮೇಲಿನ ಪ್ರಾರ್ಥನಾ ಮಂದಿರದಿಂದ. ಅದೇ ಮನೆಯ ಹಿಂದೆ ಬೀಡಿ ಕಟ್ಟುವ ಅಕ್ಕ ಒಬ್ಬರು ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಇದ್ದರು, ಅವರ ಬಾಗಿಲಿಗೆ ಯಾರೂ ಹೋಗಿರಲಿಲ್ಲ. ಯಾರ ಮನಸ್ಸೂ ಕೆಟ್ಟದ್ದಲ್ಲ. ನಾವು ಪರಸ್ಪರ ಮಾತಾಡಿರಲಿಲ್ಲ, ಅಷ್ಟೇ. ಮಂಗಳೂರಿನ ಕಡೆ ಹೀಗೆ ಅಕ್ಕಪಕ್ಕದಲ್ಲೇ ಬೇರೆ ಬೇರೆ ಚರ್ಚುಗಳಿರುವ ಊರಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೊಡ್ಡ ಮೀಟಿಂಗ್ ಕರೆಯಬೇಡಿ. ಒಂದೊಂದು ಚರ್ಚಿನಿಂದ ಇಬ್ಬರು ಸಾಕು. ಫಾದರ್, ಪಾಸ್ಟರ್ ಒಪ್ಪಿಗೆ ಕೊಡಲಿ, ಆದರೆ ಕೆಲಸ ಅವರ ಮೇಲೆ ನಿಲ್ಲಬಾರದು, ಯಾಕೆಂದರೆ ಅವರಿಗೆ ವರ್ಗ ಆದ ದಿನವೇ ಎಲ್ಲ ನಿಂತುಬಿಡುತ್ತದೆ. ಕಥೋಲಿಕರಲ್ಲಿ ವಾಳೆಯ, ಅಂದರೆ ಇಗರ್ಜಿಯ ಒಂದೊಂದು ವಾರ್ಡಿನ, ಮುಖ್ಯಸ್ಥರಾದ ಗುರಿಕಾರರನ್ನು ಕೇಳಿ. ಯಾರಿಗೆ ಕೆಲಸ ಹೋಗಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಅವರಿಗೆ ಗೊತ್ತಿರುತ್ತದೆ. ಸೈಂಟ್ ವಿನ್ಸೆಂಟ್ ಡಿ ಪಾಲ್ ಸಭೆ ಇದ್ದರೆ ಇನ್ನೂ ಒಳ್ಳೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದಾಗಿನಿಂದ ಬಡವರ ಮನೆಗೇ ಹೋಗಿ ನೋಡುವುದು ಅವರ ರೂಢಿ. ಸಿ.ಎಸ್.ಐ.ನಲ್ಲಿ ಮಹಿಳೆಯರ ಕೂಟದವರನ್ನು ಹಿಡಿಯಿರಿ.

ಆಮೇಲೆ ಎಲ್ಲರಿಗೂ ಸೇರಿ ಒಂದೇ ಪುಸ್ತಕ. ಮನೆ, ಏನು ಬೇಕು, ಯಾವ ಚರ್ಚು ವಹಿಸಿಕೊಂಡಿದೆ, ಮುಗಿಯಿತಾ ಇಲ್ಲವಾ: ಇಷ್ಟು ಬರೆದರೆ ಸಾಕು. ಪುಸ್ತಕ ಒಬ್ಬರ ಹತ್ತಿರ ಇರಲಿ. ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಲೇಬೇಡಿ, ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಇಡೀ ಊರಿಗೆ ತಿಳಿಯುತ್ತದೆ. ಕೊಡುವಾಗ ಫೋಟೋ ಕೂಡ ಬೇಡ.

ಏನು ಬೇಕು ಎಂದು ನೀವೇ ಊಹಿಸಬೇಡಿ, ಹೋಗಿ ಕೇಳಿ. ನಾನು ಆ ಅಕ್ಕನ ಮನೆಗೆ ಹೋದಾಗ ಅವರು ಮೊರದಿಂದ ಕೈ ತೆಗೆಯದೆಯೇ ಹೇಳಿದರು: "ಬಾಯಮ್ಮ, ಅಕ್ಕಿ ರೇಷನ್‌ನಲ್ಲಿ ಬರುತ್ತದೆ. ಅದು ನೆನೆಯದ ಹಾಗೆ ಮಾಡಿಗೆ ಒಂದು ಟಾರ್ಪಾಲು ಸಿಕ್ಕಿದರೆ ಸಾಕಿತ್ತು." ತಲೆ ಎತ್ತಿ ನೋಡಿದೆ. ಒಡೆದ ಹಂಚಿನ ಸಂದಿಗೆ ಸಿಮೆಂಟ್ ಚೀಲ ತುರುಕಿದ್ದರು.

ನಮ್ಮ ಕರಾವಳಿಯಲ್ಲಿ ಕಷ್ಟದ ತಿಂಗಳು ಡಿಸೆಂಬರ್ ಅಲ್ಲ, ಜೂನ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಮಳೆಗೆ ಗಾರೆ ಕೆಲಸವೂ ಕಡಿಮೆ, ಅದೇ ಹೊತ್ತಿಗೆ ಶಾಲೆ ಶುರುವಾಗಿ ಫೀಸು, ಪುಸ್ತಕ, ಯೂನಿಫಾರ್ಮ್, ಕೊಡೆ ಎಲ್ಲ ಒಟ್ಟಿಗೇ ಬಂದು ಬೀಳುತ್ತದೆ. ಕ್ರಿಸ್ಮಸ್‌ಗೆ ತೆಗೆದಿಡುವ ಹಣದಲ್ಲಿ ಅರ್ಧವನ್ನಾದರೂ ಜೂನ್‌ಗೆ ಉಳಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಹಣಕ್ಕೆ ಒಟ್ಟು ಖಾತೆ ತೆರೆಯಬೇಡಿ. ಮನಸ್ತಾಪ ಶುರುವಾಗುವುದು ಅಲ್ಲಿಂದಲೇ. ಒಂದು ಚರ್ಚು ಇಬ್ಬರು ಮಕ್ಕಳ ಫೀಸು ವಹಿಸಿಕೊಳ್ಳಲಿ, ಇನ್ನೊಂದು ಮದ್ದಿನ ಅಂಗಡಿಯ ಬಿಲ್ಲು. ಅವರವರ ಲೆಕ್ಕದಿಂದ ಶಾಲೆಗೆ, ಅಂಗಡಿಗೆ ನೇರವಾಗಿ ಕಟ್ಟಿ ರಶೀದಿಯನ್ನು ಆ ಪುಸ್ತಕಕ್ಕೆ ಅಂಟಿಸಿದರೆ ಆಯಿತು. ದುಡ್ಡು ಕಡಿಮೆ ಇರುವ ಸಣ್ಣ ಸಭೆಯವರು ಮಾಡು ಹತ್ತಲು ಜನ ಕೊಡಲಿ, ಅದೇನೂ ಸಣ್ಣ ಕೆಲಸ ಅಲ್ಲ.

ಕಾಗದಪತ್ರದ ಕೆಲಸ ತಿಳಿದ ಒಬ್ಬರು ಬೇಕೇ ಬೇಕು. ನಿವೃತ್ತ ಟೀಚರ್ ಆದರೆ ತುಂಬಾ ಒಳ್ಳೆಯದು. ಬೀಡಿ ಕಾರ್ಮಿಕರ ಮಕ್ಕಳಿಗೆ ಒಂದನೇ ತರಗತಿಯಿಂದಲೇ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ, ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ತಾಯಿಯ ಬೀಡಿ ಕಾರ್ಡು, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು ಮೊದಲೇ ಸರಿಮಾಡಿಸಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಬರಬೇಕಾದ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು, ಖಡಾಖಂಡಿತವಾಗಿ. ಪುಸ್ತಕದಲ್ಲಿ ಹಿಂದೂ, ಮುಸ್ಲಿಂ ಮನೆಗಳೂ ಇರಲಿ. ಅಕ್ಕಿಯ ಜೊತೆ ಕರಪತ್ರ ಇಡಬೇಡಿ, ನಮ್ಮ ಪ್ರಾರ್ಥನೆಗೆ ಬನ್ನಿ ಎನ್ನಬೇಡಿ. ನಮ್ಮ ನಮ್ಮಲ್ಲೇ ಒಬ್ಬರ ಸಭೆಯವರನ್ನು ಇನ್ನೊಬ್ಬರು ಎಳೆದುಕೊಳ್ಳುವುದೂ ಬೇಡ.

ಟಾರ್ಪಾಲಿನ ಅಳತೆಯನ್ನು ಏಪ್ರಿಲ್‌ನಲ್ಲೇ ತೆಗೆದುಕೊಳ್ಳಿ. ಎರಡು ಬದಿಗೂ ಒಂದೊಂದು ಮೊಳ ಜಾಸ್ತಿ ಇರಲಿ, ಹಗ್ಗವನ್ನೂ ಜೊತೆಗೇ ತನ್ನಿ. ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಹಂಚಿನ ಮೇಲೆ ಯಾರನ್ನೂ ಹತ್ತಿಸುವುದು ಬೇಡ.