ಲ್ಯಾಪ್‌ಟಾಪ್ ಮಲಗಿದ್ದಾಗ ಬದಲಾದ ಮೆಮೊರಿ ಕಾರ್ಡ್

ಫೋಟೊ ಕೆಲಸಕ್ಕೆ ಇಟ್ಟುಕೊಂಡಿರುವ ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಒಂದು ಮದುವೆಯ ರಾತ್ರಿ ಕೆಲಸ ಅರ್ಧಕ್ಕೆ ಬಿಟ್ಟು ಹೈಬರ್ನೇಟ್ ಮಾಡಿದೆ, ಅಂದರೆ ರ‍್ಯಾಮಿನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಉಳಿಸಿ ಮಲಗಿಸಿದೆ. ಯುಎಸ್‌ಬಿ ರೀಡರಿನಲ್ಲಿದ್ದ ಕಾರ್ಡ್ ಇನ್ನೂ ಮೌಂಟ್ ಆಗಿಯೇ (ಬಳಕೆಗೆ ಜೋಡಿಸಿಕೊಂಡೇ) ಇತ್ತು. ಮಾರನೇ ದಿನ ಅದನ್ನು ತೆಗೆದು, ಮುಹೂರ್ತದ ಫೋಟೊ ಇದ್ದ ಕಾರ್ಡ್ ಹಾಕಿ ಪವರ್ ಬಟನ್ ಒತ್ತಿದೆ. ಫೋಲ್ಡರ್ ತೆರೆದರೆ ಹಳೇ ಕಾರ್ಡಿನ ಪಟ್ಟಿಯೇ ಕಾಣುತ್ತಿತ್ತು! ಗಮನಿಸದೆ ನಾಲ್ಕು ಫೈಲ್ ಅಳಿಸಿದೆ. ಯಾವ ಫೈಲ್ ಎಲ್ಲಿದೆ ಎಂಬ ಹಳೇ ಕಾರ್ಡಿನ ಲೆಕ್ಕ ಹೊಸ ಕಾರ್ಡಿನ ಮೇಲೆ ಬರೆದುಹೋಯಿತು. ಅಳಿಸಿಹೋದ ಫೈಲ್ ಹುಡುಕುವ ಫೋಟೊರೆಕ್ ಓಡಿಸಿ ಬಹುಪಾಲು ಫೋಟೊ ವಾಪಸ್ ಪಡೆದೆ. ಎಲ್ಲವೂ ಸಿಗಲಿಲ್ಲ.

ತಮಾಷೆ ನೋಡಿ, ಹಿಂದೊಮ್ಮೆ ಇದೇ ಲ್ಯಾಪ್‌ಟಾಪ್ ಮಲಗಿದ್ದಾಗ ರ‍್ಯಾಮ್ 8 ಜಿಬಿಯಿಂದ 16ಕ್ಕೆ ಏರಿಸಿದ್ದೆ. ಅದನ್ನು ತಕ್ಷಣ ಹಿಡಿದಿತ್ತು. ಲಿನಕ್ಸಿನ ತಿರುಳಾದ ಕರ್ನಲ್ ಮಲಗುವ ಮುಂಚೆ ಮೆಮೊರಿ ಮ್ಯಾಪಿನ (ರ‍್ಯಾಮ್ ಹೇಗೆ ಹಂಚಿದೆ ಎಂಬ ಪಟ್ಟಿಯ) ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಬರೆದಿಡುತ್ತದೆ. ಏಳುವಾಗ ಅದು ತಾಳೆಯಾಗದಿದ್ದರೆ ಉಳಿಸಿಟ್ಟದ್ದನ್ನು ಬಿಟ್ಟು ಹೊಸದಾಗಿ ಬೂಟ್ ಆಗುತ್ತದೆ.

ಯುಎಸ್‌ಬಿಯಲ್ಲಿ ಹಾಗಲ್ಲ. ಅಲ್ಲಿ 'ಪರ್ಸಿಸ್ಟ್' ಅಂತ ಒಂದು ಸೌಲಭ್ಯವಿದೆ. ಎದ್ದ ಮೇಲೆ ಅದೇ ಪೋರ್ಟಿನಲ್ಲಿರುವ ಸಾಧನದ ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಹೇಳಿಕೊಳ್ಳುವ ವಿವರ), ಸೀರಿಯಲ್ ನಂಬರ್ ಹೊಂದಿದರೆ, ನಡುವೆ ಏನೂ ಆಗಿಲ್ಲ ಎಂದು ಮುಂದುವರಿಯುತ್ತದೆ. ಆದರೆ ಅವೆಲ್ಲ ರೀಡರಿನವು, ಕಾರ್ಡಿನವಲ್ಲ. ಮನೆ ನಂಬರ್ ನೋಡಿ ಒಳಗೆ ಹಳೇ ಬಾಡಿಗೆದಾರರೇ ಇದ್ದಾರೆ ಅಂದುಕೊಂಡ ಹಾಗೆ, ಅಲ್ವಾ?

ಹಾಗಾಗಿ ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ 'ಸಿಸ್ಟಮ್-ಸ್ಲೀಪ್' ಫೋಲ್ಡರಿನಲ್ಲಿ ನನ್ನದೇ ಪುಟ್ಟ ಸ್ಕ್ರಿಪ್ಟ್ ಇಟ್ಟೆ. ಮಲಗುವ ಮುಂಚೆ 'ಪ್ರೀ', ಎದ್ದ ಮೇಲೆ 'ಪೋಸ್ಟ್' ಎಂದು ಹೇಳಿ ಸಿಸ್ಟಮ್‌ಡಿ ಅದನ್ನು ಕರೆಯುತ್ತದೆ. ಪ್ರೀಯಲ್ಲಿ ಕಾರ್ಡಿನ ಯುಯುಐಡಿ (ಫಾರ್ಮ್ಯಾಟ್ ಮಾಡಿದಾಗ ಸಿಗುವ ಗುರುತಿನ ಸಂಖ್ಯೆ) ಬರೆದಿಡುವುದು, ಪೋಸ್ಟಿನಲ್ಲಿ ಹೋಲಿಸಿ, ಬೇರೆಯಾಗಿದ್ದರೆ ಕೂಗುವುದು. ಬೇಕಿದ್ದದ್ದು ಅಷ್ಟೇ.

ಮೊದಲ ಪರೀಕ್ಷೆಯಲ್ಲೇ ಮುಗ್ಗರಿಸಿದೆ. ಕಾರ್ಡ್ ಬದಲಿಸಿದರೂ 'ಅದೇ ಇದೆ' ಅಂತ ಉತ್ತರ ಬಂತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಮೌಂಟ್ ಆಗಿರುವ ಕಾರ್ಡಿನ ಯುಯುಐಡಿ ಇರುವ ಮೊದಲ ಬ್ಲಾಕ್ ಕ್ಯಾಶಿನಲ್ಲಿ, ಅಂದರೆ ರ‍್ಯಾಮಿನಲ್ಲಿಟ್ಟ ಪ್ರತಿಯಲ್ಲಿ, ಇರುತ್ತದೆ. ಆ ಕ್ಯಾಶ್ ಕೂಡ ರ‍್ಯಾಮಿನ ಜೊತೆ ಮಲಗಿ, ಜೊತೆಗೇ ಎದ್ದಿತ್ತು. ಉತ್ತರ ಕೊಟ್ಟದ್ದು ಕಾರ್ಡಲ್ಲ, ನೆನಪು.

ಈಗ ಪ್ರೀಯಲ್ಲಿ ಮೊದಲು ಸಿಂಕ್ (ಬಾಕಿ ಬರಹವನ್ನು ಕಾರ್ಡಿಗೆ ಮುಗಿಸುವುದು), ಆಮೇಲೆ ಅನ್‌ಮೌಂಟ್ (ಕಾರ್ಡನ್ನು ಬಿಡಿಸುವುದು). ಯಾವುದಾದರೂ ಫೈಲ್ ತೆರೆದಿದ್ದರೆ ಅನ್‌ಮೌಂಟ್ ಆಗುವುದಿಲ್ಲ. ಅದಕ್ಕೇ ಆ ರೀಡರಿನ ಪರ್ಸಿಸ್ಟನ್ನೂ ಸೊನ್ನೆ ಮಾಡಿದ್ದೇನೆ. ಎದ್ದಾಗ ರೀಡರನ್ನು ಹೊಸದಾಗಿ ಚುಚ್ಚಿದ ಹಾಗೆಯೇ ನೋಡುತ್ತದೆ. ಪೋಸ್ಟಿನಲ್ಲಿ 5 ಸೆಕೆಂಡ್ ಕಾಯಿಸುತ್ತೇನೆ, ಇಲ್ಲದಿದ್ದರೆ ರೀಡರ್ ಕಾಣಿಸಿಕೊಳ್ಳುವ ಮೊದಲೇ ಹೋಲಿಕೆ ಮುಗಿದಿರುತ್ತದೆ.

ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ತಂದರೆ ಯುಯುಐಡಿ ಬದಲಾಗಿ, ಅದೇ ಕಾರ್ಡಿಗೂ ಸ್ಕ್ರಿಪ್ಟ್ ಕೂಗುತ್ತದೆ. ಕೂಗಲಿ ಅಂತ ಹಾಗೇ ಬಿಟ್ಟಿದ್ದೇನೆ.