ಒಂದೇ ತಪ್ಪು, ಬೇರೆ ಬೇರೆ ವೇಷ: ವಾದದ ದೋಷ ಹೊಂದಿಸುವುದು ಹೇಗೆ?

‘ಕೆಆರ್‌ಎಸ್ ತುಂಬಿದರೆ ನಾಲೆಗೆ ನೀರು ಬಿಡುತ್ತಾರೆ. ಈಗ ನಾಲೆಯಲ್ಲಿ ನೀರು ಹರಿಯುತ್ತಿದೆ. ಆದ್ದರಿಂದ ಕೆಆರ್‌ಎಸ್ ತುಂಬಿದೆ.’

ಮಂಡ್ಯದ ರೈತರ ಮುಂದೆ ಈ ವಾದ ಇಟ್ಟರೆ ಒಂದು ಕ್ಷಣವೂ ನಿಲ್ಲದು. ಅಣೆಕಟ್ಟು ತುಂಬದಿದ್ದರೂ ನಿಂತ ಬೆಳೆ ಉಳಿಸಲು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದುಂಟು ಎಂಬುದು ಅವರಿಗೆ ಗೊತ್ತು. ಆದರೆ ಇದೇ ತಪ್ಪು ಗೊತ್ತಿಲ್ಲದ ವಿಷಯದ ಬಟ್ಟೆ ತೊಟ್ಟು ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ಜಾಣ ವಿದ್ಯಾರ್ಥಿಗಳೂ ಎಡವುತ್ತಾರೆ.

ಅಮೆರಿಕ ಮತ್ತು ಕೆನಡಾದ ಕಾನೂನು ಕಾಲೇಜುಗಳಿಗೆ ಸೇರಲು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಈ ಬಗೆಯ ಪ್ರಶ್ನೆ ಖಾಯಂ ಅತಿಥಿ: ‘ಮೇಲಿನ ವಾದದಲ್ಲಿರುವ ದೋಷವನ್ನು ಹೆಚ್ಚು ಹೋಲುವ ದೋಷ ಕೆಳಗಿನ ಯಾವುದರಲ್ಲಿದೆ?’ 2024ರ ಆಗಸ್ಟ್‌ನಿಂದ ಅಲ್ಲಿ ಒಗಟಿನಂಥ ವಿಭಾಗವನ್ನು ಕೈಬಿಟ್ಟು ತಾರ್ಕಿಕ ವಿವೇಚನೆಗೆ ಇನ್ನಷ್ಟು ತೂಕ ಕೊಟ್ಟಿದ್ದಾರೆ. ನಮ್ಮ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಕ್ಲಾಟ್ ಬರೆಯುವವರಿಗೂ ಈ ಕಸುಬು ಬೇಕು. 120 ನಿಮಿಷದಲ್ಲಿ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ ಇರುವಲ್ಲಿ ಊಹೆಯ ಮೇಲೆ ನಡೆಯಲಾಗದು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನ ಮೊದಲ ಪತ್ರಿಕೆಯ ಪಠ್ಯಕ್ರಮದಲ್ಲಂತೂ ಹೇತ್ವಾಭಾಸ (ಅನುಮಾನದ ದೋಷ) ಎಂಬ ಹೆಸರಿನಲ್ಲೇ ಈ ವಿಷಯವಿದೆ.

ಮೊದಲು ತೀರ್ಮಾನ ಹುಡುಕಿ

ಕೊನೆಯ ವಾಕ್ಯವೇ ತೀರ್ಮಾನ ಎಂದುಕೊಳ್ಳಬೇಡಿ. ‘ಅವನು ಬಂದಿರಲೇಬೇಕು, ಚಪ್ಪಲಿ ಬಾಗಿಲಲ್ಲಿದೆಯಲ್ಲ’ ಎನ್ನುವಾಗ ತೀರ್ಮಾನ ಮೊದಲೇ ಬಂದಿದೆ. ಯಾವ ಮಾತಿಗೆ ಉಳಿದ ಮಾತುಗಳು ಊರುಗೋಲಾಗಿವೆಯೋ ಅದರ ಕೆಳಗೆ ಗೆರೆ ಎಳೆಯಿರಿ.

ಆಮೇಲೆ ವಿಷಯ ತೆಗೆದು ಎಲುಬು ಉಳಿಸಿ

ಅಣೆಕಟ್ಟು, ನಾಲೆ ಎರಡನ್ನೂ ಅಳಿಸಿ ಅಕ್ಷರ ಬರೆಯಿರಿ. ‘ಕ ಆದರೆ ಖ. ಖ ಆಗಿದೆ. ಆದ್ದರಿಂದ ಕ.’ ಇಷ್ಟೇ. ಜೊತೆಗೆ ‘ಎಲ್ಲ’, ‘ಕೆಲವು’, ‘ಇಲ್ಲ’, ‘ಬಹುದು’, ‘ಲೇಬೇಕು’ ಇಂಥ ಸಣ್ಣ ಮಾತುಗಳನ್ನು ಹಾಗೆಯೇ ಉಳಿಸಿಕೊಳ್ಳಿ. ಗಡಿಬಿಡಿಯಲ್ಲಿ ವಿದ್ಯಾರ್ಥಿಗಳು ಕಳೆದುಕೊಳ್ಳುವುದು ಇವನ್ನೇ, ಪ್ರಶ್ನೆ ರಚಿಸುವವರು ಬಲೆ ಹೆಣೆಯುವುದೂ ಇವುಗಳಿಂದಲೇ.

ಕಾದ ಕಬ್ಬಿಣದ ಗುಂಡು ಎಲ್ಲಿ?

ಈ ಹಂತ ನನಗೆ ತುಂಬ ಪ್ರಿಯವಾದದ್ದು, ಇದನ್ನು ಕಲಿಸಿದ್ದು ನಮ್ಮ ನ್ಯಾಯಶಾಸ್ತ್ರ, ಅಂದರೆ ಭಾರತದ ಹಳೆಯ ತರ್ಕಶಾಸ್ತ್ರ. ‘ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ’ ಎಂಬುದು ಅಲ್ಲಿನ ಒಳ್ಳೆಯ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದಕ್ಕೆ, ಮಾದರಿ. ಅದನ್ನೇ ತಿರುಗಿಸಿ ‘ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ’ ಎಂದರೆ ಕೆಟ್ಟಿತು. ಆ ಶಾಸ್ತ್ರದ ಕೈಪಿಡಿಯಾದ ಅನ್ನಂಭಟ್ಟನ ‘ತರ್ಕಸಂಗ್ರಹ’ ಈ ತಿರುಗುಮುರುಗು ವಾದವನ್ನು ದೋಷದ ಉದಾಹರಣೆಯಾಗಿಯೇ ಕೊಡುತ್ತದೆ. ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆಯೂ ಬೇಕು. ವಾದಿಸಿದವನು ಹೇಳದೆ ಬಿಟ್ಟ ಆ ಷರತ್ತಿಗೆ ಶಾಸ್ತ್ರದಲ್ಲಿ ‘ಉಪಾಧಿ’ ಎಂದು ಹೆಸರು.

ಹಾಗಾಗಿ ಪ್ರತಿ ವಾದಕ್ಕೂ ಅದರದೇ ಕಬ್ಬಿಣದ ಗುಂಡನ್ನು ಹುಡುಕಿ. ಆಧಾರಗಳೆಲ್ಲ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಒಂದೇ ಒಂದು ಸಂದರ್ಭ ಸಾಕು. ಕೆಆರ್‌ಎಸ್ ವಾದಕ್ಕೆ ಕಟ್ಟು ಪದ್ಧತಿಯ ನೀರೇ ಆ ಗುಂಡು. ಅಂಥ ಗುಂಡು ಇರಲು ಸಾಧ್ಯವೇ ಇಲ್ಲವೆಂದರೆ ವಾದ ಸರಿಯಾಗಿದೆ ಎಂದರ್ಥ. ದೋಷ ಕೇಳಿದ ಪ್ರಶ್ನೆಗೆ ಸರಿಯಾದ ವಾದ ಉತ್ತರವಾಗಲಾರದು, ಅದನ್ನು ಅಲ್ಲೇ ಹೊಡೆದುಹಾಕಿ.

ಈಗ ಆಯ್ಕೆಗಳ ಎದುರು ಕುಳಿತುಕೊಳ್ಳೋಣ

(ಅ) ನಾಲೆ ಒಡೆದರೆ ಈ ಗದ್ದೆಗೆ ನೀರು ನುಗ್ಗುತ್ತದೆ. ಗದ್ದೆಗೆ ನೀರು ನುಗ್ಗಿಲ್ಲ. ಆದ್ದರಿಂದ ನಾಲೆ ಒಡೆದಿಲ್ಲ.

(ಆ) ತೊಟ್ಟಿ ತುಂಬಿದರೆ ಮೋಟರ್ ನಿಲ್ಲುತ್ತದೆ. ತೊಟ್ಟಿ ತುಂಬಿಲ್ಲ. ಆದ್ದರಿಂದ ಮೋಟರ್ ನಿಂತಿಲ್ಲ.

(ಇ) ಮಗುವಿಗೆ ಹಸಿವಾಗಿದೆ. ಏಕೆಂದರೆ ಅದು ಅಳುತ್ತಿದೆ, ಹಸಿವಾದರೆ ಅದು ಅಳುತ್ತದೆ.

(ಈ) ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ. ಫ್ಯಾನ್ ನಿಂತಿದೆ. ಆದ್ದರಿಂದ ಕರೆಂಟು ಹೋಗಿರಬಹುದು.

ಅಕ್ಕಪಕ್ಕದ ಮಾತಿನಂತೆ ಕಾಣುವ (ಅ) ಬಹಳ ಮಂದಿಯನ್ನು ಸೆಳೆಯುತ್ತದೆ. ಅಲ್ಲೂ ನೀರು, ಇಲ್ಲೂ ನೀರು. ಆದರೆ ಆ ವಾದದಲ್ಲಿ ದೋಷವೇ ಇಲ್ಲ. ವಿಷಯ ಹೋಲುವ ಆಯ್ಕೆಯನ್ನು ಕಂಡಾಗ ಇನ್ನಷ್ಟು ಅನುಮಾನದಿಂದ ಓದಿ. (ಈ) ಎಲುಬಿನವರೆಗೂ ಒಂದೇ, ಕೊನೆಯ ‘ಬಹುದು’ ಮಾತ್ರ ಬೇರೆ. ಆ ಒಂದು ಪದ ವಾದವನ್ನು ಕಾಪಾಡಿಬಿಟ್ಟಿದೆ, ಏಕೆಂದರೆ ‘ಹೋಗಿರಬಹುದು’ ಎನ್ನುವುದಕ್ಕೆ ಫ್ಯಾನ್ ನಿಂತಿರುವುದು ಸಾಕಷ್ಟು ಆಧಾರ.

ಕಷ್ಟ ಇರುವುದು (ಆ) ಮತ್ತು (ಇ) ನಡುವೆ. ತೊಟ್ಟಿ ತುಂಬದಿದ್ದರೂ ಕರೆಂಟು ಹೋದರೆ ಮೋಟರ್ ನಿಲ್ಲುತ್ತದೆ. ಹಸಿವಿಲ್ಲದಿದ್ದರೂ ಹೊಟ್ಟೆನೋವು ಬಂದರೆ ಮಗು ಅಳುತ್ತದೆ. ಎರಡನ್ನೂ ಒಡೆಯುವ ಗುಂಡು ಒಂದೇ ಬಗೆಯದು: ಕ ಇಲ್ಲದೆಯೂ ಖ ಆಗುವುದು. ಗುಂಡಿನ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಆಗ ಮತ್ತೆ ಎಲುಬಿಗೆ ಬನ್ನಿ. (ಆ) ‘ಕ ಆಗಿಲ್ಲ, ಆದ್ದರಿಂದ ಖ ಆಗಿಲ್ಲ’ ಎನ್ನುತ್ತದೆ. (ಇ) ‘ಖ ಆಗಿದೆ, ಆದ್ದರಿಂದ ಕ’ ಎನ್ನುತ್ತದೆ, ನಮ್ಮ ನಾಲೆಯ ವಾದದಂತೆಯೇ. ವಾಕ್ಯಗಳ ಕ್ರಮ ಅದಲುಬದಲಾಗಿದೆ, ಅದು ಲೆಕ್ಕಕ್ಕಿಲ್ಲ. ಉತ್ತರ (ಇ).

ಹೆಸರು ಒಂದೇ ಎಂದು ಮೋಸ ಹೋಗಬೇಡಿ

ದೋಷಗಳ ಹೆಸರು ಉರುಹೊಡೆದವರು ಒಂದು ಕಡೆ ಸಿಕ್ಕಿಬೀಳುತ್ತಾರೆ. ಕಾಗೆ ಕೂತಿತು, ಕೊಂಬೆ ಮುರಿಯಿತು, ಆದ್ದರಿಂದ ಕೊಂಬೆ ಮುರಿದದ್ದು ಕಾಗೆಯೇ ಎಂಬುದು ಒಂದು ವಾದ. ನಮ್ಮ ಜನಪದ ಕಥೆಯ ಅಜ್ಜಿ ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದು ಇನ್ನೊಂದು. ಎರಡಕ್ಕೂ ‘ತಪ್ಪು ಕಾರಣ’ ಎಂದೇ ಚೀಟಿ ಅಂಟಿಸಬಹುದು. ಆದರೆ ಕಾಗೆಯದು ಒಂದೇ ಸಲ ನಡೆದ ಕಾಕತಾಳೀಯ. ಕೋಳಿಯದು ದಿನವೂ ತಪ್ಪದೆ ನಡೆಯುವ ಸಂಗತಿ, ಅಲ್ಲಿ ಅಜ್ಜಿ ಬೆಳಗನ್ನು ಕೂಗಿನ ಫಲವೆಂದು ಭಾವಿಸಿದಳು. ಮೂಲ ವಾದ ಅಜ್ಜಿಯದಾಗಿದ್ದರೆ ಕಾಗೆಯ ಆಯ್ಕೆ ಎರಡನೆಯ ಸ್ಥಾನಕ್ಕೆ ಹೋಗುತ್ತದೆ. ಆದ್ದರಿಂದ ಹೆಸರಿಗಿಂತ ದೋಷವನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳುವುದು ಒಳ್ಳೆಯದು.

ಕೈ ಪಳಗಲು ಒಂದು ಲೆಕ್ಕ

ಮೂಲ ವಾದ: ‘ತಂಡದ ಹನ್ನೊಂದು ಆಟಗಾರರೂ ಒಬ್ಬೊಬ್ಬರಾಗಿ ಉತ್ತಮರು, ಆದ್ದರಿಂದ ತಂಡ ಉತ್ತಮವಾಗಿದೆ.’ ಇದಕ್ಕೆ ಹೊಂದುವುದು ಯಾವುದು? ‘ಸಾರು ರುಚಿಯಾಗಿದೆ, ಆದ್ದರಿಂದ ಅದಕ್ಕೆ ಹಾಕಿದ ಇಂಗೂ ಬಾಯಿಗೆ ರುಚಿ.’ ‘ಗೋಡೆಯಲ್ಲಿ ಕಾಣುವ ಪ್ರತಿ ಇಟ್ಟಿಗೆಯೂ ಕೆಂಪು, ಆದ್ದರಿಂದ ಗೋಡೆ ಕೆಂಪು.’ ‘ಕಾದಂಬರಿಯ ಪ್ರತಿ ವಾಕ್ಯವೂ ಚೆಂದ, ಆದ್ದರಿಂದ ಕಾದಂಬರಿ ಚೆಂದ.’

ಸಾರಿನ ವಾದ ಇಡಿಯಿಂದ ಬಿಡಿಗೆ ಇಳಿಯುತ್ತದೆ, ದಿಕ್ಕೇ ಬೇರೆ. ಗೋಡೆಯ ವಾದದಲ್ಲಿ ಬಿಡಿಯಿಂದ ಇಡಿಗೆ ಹೋದರೂ ಬಣ್ಣ ಹಾಗೆ ದಾಟಬಲ್ಲ ಗುಣ, ಅಲ್ಲಿ ತಪ್ಪಿಲ್ಲ. ಉಳಿದದ್ದು ಕಾದಂಬರಿ.